ಭೂಮಿಯ ದುಂಡು ತೋರಿಸಿದ ಬೋಗುಣಿ

ಮಗಳ ಬಾಣಂತನಕ್ಕೋ, ಮೊಮ್ಮಗನ ಮುಖ ನೋಡಲಿಕ್ಕೋ ಅಮೆರಿಕಾಕ್ಕೆ ಹೋಗಿಬರುವ ತಾಯಂದಿರು ಈಗ ನಮ್ಮ ಸಣ್ಣ ಊರುಗಳಲ್ಲೂ ಕಡಿಮೆಯೇನಿಲ್ಲ. ಹೋದವರು ನಯಾಗರಾ ನೋಡುತ್ತಾರೆ. ಸ್ವಲ್ಪ ಹೆಚ್ಚು ಓಡಾಡುವ ಉತ್ಸಾಹ ಇದ್ದವರು ದಕ್ಷಿಣ ಡಕೋಟಾ ರಾಜ್ಯದ ರಶ್ಮೋರ್ ಬೆಟ್ಟಕ್ಕೂ ಹೋಗಿ, ಬಂಡೆಯಲ್ಲಿ ಕೆತ್ತಿದ ನಾಲ್ವರು ಅಧ್ಯಕ್ಷರ ಮುಖ ನೋಡಿ ಬರುತ್ತಾರೆ. ನೀವೂ ಹೋದರೆ, ರ್‍ಯಾಪಿಡ್ ಸಿಟಿ ಊರಿನಿಂದ ಆ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಒಂದು ಗಂಟೆ ಕಾರು ನಿಲ್ಲಿಸಲು ಅಳಿಯಂದಿರಿಗೆ ಹೇಳಿ. ಅಲ್ಲೊಂದು ಕಣಿವೆ ಇದೆ. ಹೆಸರು ಸ್ಟ್ರ್ಯಾಟೋಬೌಲ್. ನಮ್ಮ ಮಾತಿನಲ್ಲಿ ಹೇಳುವುದಾದರೆ ಆಕಾಶದ ಬೋಗುಣಿ!

ಹೆದ್ದಾರಿಯ ಪಕ್ಕದಿಂದ ಕಾಲುದಾರಿ ಹಿಡಿದು ಪೈನ್ ಮರಗಳ ನಡುವೆ ನಡೆಯಬೇಕು. ದೂರವೇನಿಲ್ಲ, ಒಂದು ಮೈಲಿಯೊಳಗೇ. ಈ ಮರಗಳ ಬಿಸಿಲಿಗೆ ಕಾದ ತೊಗಟೆಗೆ ಮೂಗು ತಾಗಿಸಿ ನೋಡಿ, ಕೇಕಿಗೆ ಹಾಕುವ ವೆನಿಲ್ಲಾದ ಪರಿಮಳ! ದೂರದಿಂದ ಈ ಮರಗಳು ಕಪ್ಪಗೆ ಕಾಣುವುದರಿಂದಲೇ ಈ ಸೀಮೆಗೆ ಬ್ಲ್ಯಾಕ್ ಹಿಲ್ಸ್ ಎಂದು ಹೆಸರು. ಇಲ್ಲಿಯ ಮೂಲನಿವಾಸಿಗಳಾದ ಲಕೋಟಾ ಜನರು ಹೇಳುವ ‘ಪಹಾ ಸಪಾ’ ಎಂಬುದಕ್ಕೂ ಅದೇ ಅರ್ಥ, ಕರಿಬೆಟ್ಟ. ಅವರಿಗೆ ಇದು ಪವಿತ್ರ ನೆಲ.

ದಾರಿ ಮುಗಿದಲ್ಲಿ ನೆಲವೂ ಮುಗಿಯುತ್ತದೆ. ಕೆಳಗೆ 400-500 ಅಡಿ ಆಳದಲ್ಲಿ ಹಸಿರು ಹುಲ್ಲು, ಒಂದು ತೊರೆ, ಸುತ್ತಲೂ ಕಡಿದಾದ ಬಂಡೆ. ಥೇಟ್ ಅಡಿಗೆಮನೆಯ ಬೋಗುಣಿಯೇ.

ಇಲ್ಲಿಯೇ ಏಕೆ?

ದೊಡ್ಡ ಬಲೂನಿಗೆ ಅನಿಲ ತುಂಬುವಾಗ ಗಾಳಿ ಬೀಸಿದರೆ ಕೆಲಸ ಕೆಟ್ಟಿತು. ಹೊಸ್ತಿಲ ಬಳಿ ದೀಪ ಹಚ್ಚುವಾಗ ನಾವು ಕೈ ಅಡ್ಡ ಹಿಡಿಯುವುದಿಲ್ಲವೇ? ಇಲ್ಲಿ ಬಂಡೆಗಳೇ ಹಾಗೆ ಅಡ್ಡ ನಿಂತಿವೆ. ಆದ್ದರಿಂದಲೇ ಅಮೆರಿಕಾದ ನ್ಯಾಷನಲ್ ಜಿಯೋಗ್ರಾಫಿಕ್ ಸೊಸೈಟಿಯೂ ಅಲ್ಲಿಯ ಸೈನ್ಯದ ವಿಮಾನದಳವೂ ಸೇರಿ ಈ ಜಾಗ ಆರಿಸಿದವು.

ಮೊದಲ ಬಲೂನು ‘ಎಕ್ಸ್‌ಪ್ಲೋರರ್’ ಏರಿದ್ದು 1934ರ ಜುಲೈ 28ರಂದು. ಕೆಪ್ನರ್, ಸ್ಟೀವನ್ಸ್, ಆಂಡರ್ಸನ್ ಎಂಬ ಮೂವರು ಸೇನಾಧಿಕಾರಿಗಳು ಮುಚ್ಚಿದ ಲೋಹದ ಗುಂಡಿನೊಳಗೆ ಕೂತಿದ್ದರು. 60,000 ಅಡಿ ದಾಟಿದ ಮೇಲೆ ಬಲೂನಿನ ಬಟ್ಟೆ ಹರಿಯತೊಡಗಿತು. ಕೆಳಗಿಳಿಯುತ್ತಾ ಇಳಿಯುತ್ತಾ ಅದು ಸಿಡಿದೇ ಹೋಯಿತು, ತುಂಬಿದ್ದು ಬೆಂಕಿ ಹತ್ತುವ ಹೈಡ್ರೋಜನ್. ಮೂವರೂ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿ ಬದುಕಿಕೊಂಡರು. ಎಲ್ಲರಿಗಿಂತ ಕೊನೆಗೆ ಹಾರಿದ ಕೆಪ್ನರ್ ಅವರಿಗೂ ನೆಲಕ್ಕೂ ನಡುವೆ ಉಳಿದಿದ್ದದ್ದು ಕೆಲವೇ ನೂರು ಅಡಿ!

ಮರುವರ್ಷ ಜುಲೈಯಲ್ಲಿ ಹೊಸ ಬಲೂನು ಬಂತು. ಅದು ಈ ಬೋಗುಣಿಯೊಳಗೇ, ಅನಿಲ ತುಂಬುತ್ತಿರುವಾಗಲೇ ಹರಿಯಿತು. ಇಷ್ಟಾದ ಮೇಲೆ ‘ಸಾಕಪ್ಪಾ ಸಹವಾಸ’ ಅಂತ ನಾವಾಗಿದ್ದರೆ ಅನ್ನುತ್ತಿದ್ದೆವೋ ಏನೋ. ಅವರು ಬಟ್ಟೆಯನ್ನು ಸರಿಪಡಿಸಿಕೊಂಡು ಮತ್ತೆ ಬಂದರು.

ಆ ಒಂದು ಚಿತ್ರ

1935ರ ನವೆಂಬರ್ 11. ಮೈ ಕೊರೆಯುವ ಚಳಿ. ಬೋಗುಣಿಯ ಅಂಚಿನಲ್ಲಿ ಸಾವಿರಾರು ಜನ. ಈ ಸಲ ಬೆಂಕಿಯ ಭಯವಿಲ್ಲದ ಹೀಲಿಯಂ ತುಂಬಿದ್ದರು. ಭಾರ ಕಡಿಮೆ ಮಾಡಲು ಹೋದವರೂ ಇಬ್ಬರೇ, ಸ್ಟೀವನ್ಸ್ ಮತ್ತು ಆಂಡರ್ಸನ್. ಬಲೂನು ಹಿಡಿಸುವಷ್ಟರಲ್ಲಿ ಹತ್ತನೆಯ ಒಂದು ಪಾಲಿನಷ್ಟೂ ಅನಿಲ ತುಂಬಿರಲಿಲ್ಲ. ಏಕೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಇಡ್ಲಿ ಹಿಟ್ಟು ರುಬ್ಬಿದ ರಾತ್ರಿ ಪಾತ್ರೆಯನ್ನು ಕಂಠಮಟ್ಟ ತುಂಬುತ್ತೇವೆಯೇ? ಉಬ್ಬಲು ಜಾಗ ಬಿಡುತ್ತೇವೆ. ಮೇಲೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಇಳಿದು ಒಳಗಿನ ಅನಿಲ ಉಬ್ಬುತ್ತದೆ.

ಬಲೂನು ಆ ದಿನ ಮುಟ್ಟಿದ್ದು 72,395 ಅಡಿ, ಅಂದರೆ 22 ಕಿಲೋಮೀಟರಿಗೂ ತುಸು ಮೇಲೆ. ಆವರೆಗೆ ಅಷ್ಟೆತ್ತರಕ್ಕೆ ಯಾರೂ ಹೋಗಿರಲಿಲ್ಲ. ಬಲೂನಿನಲ್ಲಂತೂ ಮುಂದಿನ 20 ವರ್ಷವೂ ಯಾರೂ ಹೋಗಲಿಲ್ಲ. ಅಲ್ಲಿ ಹಗಲಿನಲ್ಲೇ ಆಕಾಶ ಹೆಚ್ಚುಕಡಿಮೆ ಕಪ್ಪು. ಸ್ಟೀವನ್ಸ್ ಕ್ಯಾಮರಾ ಹಿಡಿದರು. ಆ ಚಿತ್ರದಲ್ಲಿ ಭೂಮಿಯ ಅಂಚು ನೆಟ್ಟಗಿಲ್ಲ, ಮೆಲ್ಲಗೆ ಬಾಗಿದೆ. ಭೂಮಿ ದುಂಡಗಿದೆ ಎಂದು ಎಲ್ಲರೂ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಆದರೆ ಮನೆಯಲ್ಲಿ ಕೂತವರು ಅದನ್ನು ಕಣ್ಣಾರೆ ನೋಡುವ ಹಾಗಾದದ್ದು ಇಂಥ ಚಿತ್ರಗಳಿಂದ.

ಅಷ್ಟು ಎತ್ತರದಿಂದ ಸುತ್ತ 500 ಕಿಲೋಮೀಟರಿಗೂ ಆಚೆ ಕಾಣುತ್ತದೆ. ನಮ್ಮ ಬೆಂಗಳೂರಿನ ನೆತ್ತಿಯ ಮೇಲೆ ಅಲ್ಲಿ ನಿಂತರೆ, ಮೋಡ ಮಂಜು ಇಲ್ಲದ ದಿನ, ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಬಂಗಾಳಕೊಲ್ಲಿ ಎರಡೂ ಒಟ್ಟಿಗೆ ಕಂಡಾವು!

ಇನ್ನೊಂದು ಮಾತು ಯೋಚಿಸಿ. ಗಾಳಿಯ ಶೇಕಡ 96 ಭಾಗ ಆಗ ಅವರ ಕಾಲಕೆಳಗಿತ್ತು. ಭೂಮಿಯನ್ನು ಒಂದು ಈರುಳ್ಳಿ ಅಂದುಕೊಂಡರೆ, ಆ 22 ಕಿಲೋಮೀಟರು ಅದರ ಹೊರಸಿಪ್ಪೆಯಷ್ಟು ತೆಳು. ನಮ್ಮ ಉಸಿರು, ಮಳೆ, ಮೋಡ, ಬೆಳೆ, ಒಲೆಯ ಹೊಗೆ ಎಲ್ಲವೂ ಆ ಸಿಪ್ಪೆಯೊಳಗೇ. ಅದು ಕೊಳೆಯಾದರೆ ತೊಳೆದು ಒಣಹಾಕಲು ಬೇರೊಂದಿಲ್ಲ.

ಎಂಟು ಗಂಟೆಯ ಪ್ರಯಾಣದ ನಂತರ ಇಬ್ಬರೂ 200 ಮೈಲಿಗೂ ಆಚೆ, ವೈಟ್ ಲೇಕ್ ಎಂಬ ಊರಿನ ಬಳಿ ಸುಖವಾಗಿ ಇಳಿದರು. ಹಳೆ ಸೀರೆಯನ್ನು ನಾವು ಕೌದಿಗೆ ಉಪಯೋಗಿಸುವ ಹಾಗೆ, ಬಲೂನಿನ ಬಟ್ಟೆಯನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಪುಸ್ತಕದ ಪುಟಕ್ಕೆ ಇಡುವ ಗುರುತುಪಟ್ಟಿ ಮಾಡಿ ಸೊಸೈಟಿಯ ಸದಸ್ಯರಿಗೆ ಹಂಚಿದರು.

ಈಗ ಥರ್ಮೋಕೋಲ್ ಡಬ್ಬಿ ಸಾಕು

ಇಂದು ಆ ಚಿತ್ರಕ್ಕಾಗಿ ಯಾರೂ ಜೀವ ಒತ್ತೆ ಇಡಬೇಕಾಗಿಲ್ಲ. ಹವಾಮಾನ ಇಲಾಖೆಗಳು ಮೇಲಿನ ಗಾಳಿ, ಶಾಖ, ತೇವ ಅಳೆಯಲು ದಿನವೂ ರಬ್ಬರಿನ ಬಲೂನು ಹಾರಿಸುತ್ತವೆ. 2009ರಲ್ಲಿ ಅಮೆರಿಕಾದ ಎಂ.ಐ.ಟಿ.ಯ ವಿದ್ಯಾರ್ಥಿಗಳು ಅಂಥದೇ ಬಲೂನಿಗೆ ಒಂದು ಥರ್ಮೋಕೋಲ್ ಡಬ್ಬಿ ಕಟ್ಟಿದರು. ಅದರೊಳಗೆ ಒಂದು ಸಾಧಾರಣ ಕ್ಯಾಮರಾ, ಬಿದ್ದ ಜಾಗ ತಿಳಿಸಲು ಮೊಬೈಲ್ ಫೋನು, ಚಳಿಗೆ ಬ್ಯಾಟರಿ ಸೋಲದಿರಲೆಂದು ಕೈ ಕಾಯಿಸಿಕೊಳ್ಳುವ ಪೊಟ್ಟಣ. ಒಟ್ಟು ಖರ್ಚು 150 ಡಾಲರಿನೊಳಗೆ. ಅದು ಏರಿದ್ದು ಸುಮಾರು 93,000 ಅಡಿ. ಬಲೂನು ಉಬ್ಬಿ ಉಬ್ಬಿ ಒಡೆಯಿತು, ಡಬ್ಬಿ ಪ್ಯಾರಾಚೂಟಿನಲ್ಲಿ ಇಳಿಯಿತು. ಚಿತ್ರಗಳಲ್ಲಿ ಅದೇ ಕಪ್ಪು ಆಕಾಶ, ಅದೇ ಬಾಗಿದ ಅಂಚು.

ನಮ್ಮಲ್ಲೂ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನವರು ಹೊಸಕೋಟೆಯಿಂದ ಉಪಕರಣ ಕಟ್ಟಿದ ಬಲೂನುಗಳನ್ನು ಹಾರಿಸಿದ್ದಾರೆ. ಇದನ್ನೋದಿ ಮಗ ‘ಅಮ್ಮಾ, ನಾವೂ ಬಿಡೋಣ’ ಅಂತ ಹಟ ಹಿಡಿದರೆ ಗದರಬೇಡಿ; ಹಾಗಂತ ಮಹಡಿಗೆ ಹತ್ತಿ ಬಿಡಲೂ ಬೇಡಿ. ಆ ದಾರಿಯಲ್ಲಿ ವಿಮಾನಗಳಿರುತ್ತವೆ, ಮೇಲೆ ಹೋದದ್ದು ಯಾರದೋ ತಲೆಯ ಮೇಲೆ ಬೀಳಬಾರದು. ವಿಮಾನ ಸಂಚಾರ ನೋಡಿಕೊಳ್ಳುವವರ ಅನುಮತಿ ಪಡೆದು, ಕಾಲೇಜಿನ ಮೇಷ್ಟರ ಜೊತೆ ಮಾಡುವ ಕೆಲಸ ಅದು.

ಹೋಗುವವರಿಗೆ

ಬೇಸಿಗೆ ಅಥವಾ ಸೆಪ್ಟೆಂಬರ್ ಒಳ್ಳೆಯದು. ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಸೆಪ್ಟೆಂಬರಿನಲ್ಲಿ ಈ ಕಣಿವೆಯಿಂದ ಬಿಸಿಗಾಳಿಯ ಬಣ್ಣದ ಬಲೂನುಗಳನ್ನು ಹಾರಿಸಿದ್ದೂ ಉಂಟು. ಕಣಿವೆಯ ತಳ ಖಾಸಗಿಯವರದು, ಅಂಚಿನಿಂದಲೇ ನೋಡಿ. ಕಾಲಿಗೆ ಬೂಟು ಇರಲಿ, ಸೀರೆ ಉಟ್ಟವರು ನೆರಿಗೆ ಸ್ವಲ್ಪ ಎತ್ತಿ ಕಟ್ಟಿ. ಮಕ್ಕಳ ಕೈ ಬಿಡಬೇಡಿ, ಕೆಳಗೆ ಆಳ ಜಾಸ್ತಿ. ನೀರು, ಚಪಾತಿ, ಚಟ್ನಿಪುಡಿ ಜೊತೆಗಿರಲಿ. ಕಾಗದ ಪೊಟ್ಟಣ ವಾಪಸು ತನ್ನಿ. ಅಂಚಿನಲ್ಲಿರುವ ಫಲಕಗಳ ಮೇಲೆ ಆ ಹಾರಾಟಗಳ ವಿವರ ಬರೆದಿದೆ. ಮೊಮ್ಮಕ್ಕಳ ಕೈಲಿ ಓದಿಸಿ, ಗೆದ್ದ ಹಾರಾಟದ ಜೊತೆ ಸೋತ ಆ ಎರಡರ ಕಥೆಯನ್ನೂ ನೀವೇ ಹೇಳಿ.