ಯಾರೂ ಹೊಡೆಯದ ಪೆಟ್ಟು

ಕಲಬುರಗಿ ಜಿಲ್ಲೆಯ ವಾಡಿಯಲ್ಲಿ ನಮ್ಮ ಮನೆ ರೈಲು ಹಳಿಯಿಂದ ಕೂಗಳತೆ ದೂರ. ಗೋಡೆ, ನೆಲ, ಮಾಳಿಗೆ ಎಲ್ಲವೂ ಶಹಾಬಾದ್ ಫರಸಿ. ನಾನು ಬರೆಯುತ್ತಿದ್ದ ವಿಡಿಯೊ ಗೇಮಿಗೆ ಕಂಟ್ರೋಲರ್ ಬೇಕಾದಾಗ ಹೊರಗಿನಿಂದ ತರಿಸುವಷ್ಟು ದುಡ್ಡಿರಲಿಲ್ಲ. ಪಾಲಿಶ್ ಫ್ಯಾಕ್ಟರಿಯ ಹಿಂದೆ ಬಿಸಾಕಿದ್ದ ಫರಸಿ ತುಂಡುಗಳನ್ನೇ ಬಾರಿಸಲು ಕೇಳಿ ತಂದುಕೊಂಡೆ. ನಮ್ಮವ್ವ ನೋಡಿ, “ಕಲ್ಲು ಕುಟ್ಟೋದು ನಿಮ್ಮಜ್ಜನ ಕಾಲಕ್ಕೇ ಸಾಕಾಗಿತ್ತು. ನೀ ಮತ್ತ ಮನಿಯಾಗ ತಂದು ಕುಟ್ಟಲಕತ್ತಿ” ಅಂದಳು.

ಆಟದ ಕಥೆ ಸರಳ. ಗಣಿ ಕೆಲಸದವರ ಮಗಳೊಬ್ಬಳು ಹಲಗೆ ವಾದ್ಯ ಹೊತ್ತು ವಾಡಿಯಿಂದ ಹೊರಡುತ್ತಾಳೆ. ಚಿತ್ತಾಪುರದ ನಾಗಾವಿ, ಕಾಗಿಣಾ ದಂಡೆಯ ಮಳಖೇಡ ಕೋಟೆ, ಸೇಡಂ ದಾಟಿ ಚಿಂಚೋಳಿ ಕಾಡು ಸೇರಬೇಕು. ಗುಂಡಿ ಒತ್ತಿದರೆ ಅವಳು ಕದಲುವುದಿಲ್ಲ. ನಾಲ್ಕು ಪೆಟ್ಟಿನ ಒಂದು ವರಸೆ ತಾಳಕ್ಕೆ ಸರಿಯಾಗಿ ಬಿದ್ದರೆ ನಡೆಯುತ್ತಾಳೆ, ಇನ್ನೊಂದಕ್ಕೆ ಕೋಲು ಬೀಸುತ್ತಾಳೆ. ತಾಳ ತಪ್ಪದೆ ಸಾಗಿದಷ್ಟೂ ಅವಳ ಬಲ ಏರುತ್ತದೆ. ಜಪಾನಿನ ವಿಡಿಯೊ ಗೇಮ್ ‘ಪಟಾಪೊನ್’ 2007ರಲ್ಲೇ ಈ ದಾರಿ ತುಳಿದಿತ್ತು. ಅದಕ್ಕೂ ಮೊದಲು, 2001ರಲ್ಲಿ, ‘ಟೈಕೋ ನೋ ತತ್ಸುಜಿನ್’ ಅಲ್ಲಿನ ನಗಾರಿಯನ್ನೇ ಆಟದ ಅಂಗಡಿಗೆ ತಂದು ನಿಲ್ಲಿಸಿತ್ತು. ನನಗೆ ಬೇಕಾಗಿದ್ದು ನಮ್ಮ ಅಲಾಯಿ (ಮೊಹರಂ) ಹಬ್ಬದ ಹಲಗೆಯ ಬಡಿತ.

ಮೊಬೈಲ್ ರಿಪೇರಿ ಅಂಗಡಿಯ ಕೆಲಸದಿಂದ ಬೆಸುಗೆ ಹಾಕುವುದು ಗೊತ್ತಿತ್ತು. ಪ್ರತಿ ಕಲ್ಲಿನ ಅಡಿಗೆ ಒಂದು ಪೀಜೋ ಬಿಲ್ಲೆ ಅಂಟಿಸಿದೆ. ಬಜರ್ ಒಳಗೆ ಇರುತ್ತದಲ್ಲ, ಅದೇ ಹಿತ್ತಾಳೆ ಬಿಲ್ಲೆ. ಅದುರಿದರೆ ಚೂರು ವೋಲ್ಟೇಜ್ ಹುಟ್ಟಿಸುತ್ತದೆ. ಅದಕ್ಕೆ ಅಡ್ಡಲಾಗಿ ಒಂದು ಮೆಗಾಓಮ್ ರೆಸಿಸ್ಟರ್, ಆಮೇಲೆ ಆರ್ಡುಯಿನೋ ಲಿಯೊನಾರ್ಡೊ ಬೋರ್ಡು. ಈ ಬೋರ್ಡು ಲ್ಯಾಪ್‌ಟಾಪಿಗೆ ತಾನೊಂದು ಕೀಬೋರ್ಡು ಅಂತ ಹೇಳಿಕೊಳ್ಳಬಲ್ಲದು. ಆಟ ಬರೆದದ್ದು ಗೋಡೋ ಎಂಬ ಗೇಮ್ ಎಂಜಿನ್ನಿನಲ್ಲಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಇಷ್ಟು ಮಾಡಲು ಕಷ್ಟವಾಗಲಿಲ್ಲ. ಕಷ್ಟ ಶುರುವಾದದ್ದು ಪೆಟ್ಟು ಹಾಕಿದ ಮೇಲೆ. ಎಡಗಡೆ ಕಲ್ಲಿಗೆ ಹೊಡೆದರೆ ಬಲಗಡೆಯದೂ ‘ನನಗೂ ಬಿತ್ತು’ ಅನ್ನುತ್ತಿತ್ತು. ಹಳೆ ಸೈಕಲ್ ಟ್ಯೂಬು ಕತ್ತರಿಸಿ ಅಡಿಗೆ ಇಟ್ಟೆ, ಅದು ತಗ್ಗಿತು. ಒಂದೇ ಪೆಟ್ಟಿಗೆ ಕಲ್ಲು ಗುಂಯ್‌ಗುಟ್ಟಿ ಎರಡು ಮೂರು ಪೆಟ್ಟಾಗುತ್ತಿತ್ತು. ಒಂದು ಪೆಟ್ಟಿನ ನಂತರ 40 ಮಿಲಿಸೆಕೆಂಡು ಕಿವಿ ಮುಚ್ಚಿಕೋ ಅಂತ ಬೋರ್ಡಿಗೆ ಬರೆದೆ. ಬ್ಲೂಟೂತ್ ಸ್ಪೀಕರು ಸದ್ದನ್ನೇ ತಡವಾಗಿ ಕೊಡುತ್ತದೆ, ತಾಳದ ಆಟಕ್ಕೆ ಅದು ವಿಷ, ವೈರಿನದು ಹಾಕಿದೆ.

ಇಷ್ಟಾದರೂ ಯಾರೂ ಹೊಡೆಯದ ಪೆಟ್ಟು ಬರುತ್ತಲೇ ಇತ್ತು. ಕೋಟೆಯ ಹಂತದಲ್ಲಿ ಎಲ್ಲ ಸರಿ ನಡೆದಿರುವಾಗ ಒಮ್ಮೆಲೇ ತಾಳ ಮುರಿದು ಹುಡುಗಿ ನೆಲಕ್ಕೆ ಬೀಳುತ್ತಿದ್ದಳು. ವೈರು ಬದಲಿಸಿದೆ, ಬಿಲ್ಲೆ ಬದಲಿಸಿದೆ, ಕೋಡನ್ನು ಸಾಲುಸಾಲಾಗಿ ಓದಿದೆ. ಮೇ ತಿಂಗಳು. ಹಗಲೆಲ್ಲ ಬಿಸಿಲು ಕುಡಿದ ಮಾಳಿಗೆ ರಾತ್ರಿ ಅದನ್ನು ನಮ್ಮ ಮೇಲೆಯೇ ಕಾರುತ್ತದೆ. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿತ್ತು, ಕರೆಂಟು ಹೋದರೆ ಅದೂ ಹೋಗುತ್ತಿತ್ತು. ಕಲ್ಲು ಚರ್ಮದ ಹಾಗೆ ಬಗ್ಗುವುದಿಲ್ಲ. ಬಲ ಮಣಿಕಟ್ಟು ಬಾತು ತಾಟಿನಿಂದ ರೊಟ್ಟಿ ಮುರಿಯಲಿಕ್ಕೂ ಆಗದಾಯಿತು. ಕಲಬುರಗಿಯ ಡಾಕ್ಟರು ಕೈಗೆ ಪಟ್ಟಿ ಕಟ್ಟಿ ಕಲ್ಲು ಮುಟ್ಟಬೇಡ ಅಂದರು. ಅಂಗಡಿ ಕೆಲಸವೂ ನಿಂತಿತು, ಆ ತಿಂಗಳ ಸಂಬಳವೂ.

ಕೈ ಕಟ್ಟಿಕೊಂಡು ಸುಮ್ಮನೆ ಕೂತಾಗಲೇ ಅದು ಸಿಕ್ಕಿತು. ತೆರೆಯ ಮೇಲೆ ಪೆಟ್ಟುಗಳು ಓಡುತ್ತಿದ್ದವು, ಮುಟ್ಟಿದವರಿಲ್ಲ. ಹೊರಗೆ ಗೂಡ್ಸ್ ಗಾಡಿ ಹೋಗುತ್ತಿತ್ತು. 1874ರಲ್ಲಿ ನಿಜಾಮರ ಸೀಮೆಯೊಳಗೆ ಹಾಸಿದ, ಚಿತ್ತಾಪುರ ಸೇಡಂ ಮೇಲೆ ಸಿಕಂದರಾಬಾದಿಗೆ ಹೋಗುವ ಹಳಿ ವಾಡಿಯಲ್ಲಿ ಮುಂಬೈ–ಚೆನ್ನೈ ದಾರಿಗೆ ಕೂಡುತ್ತದೆ. ಗಾಡಿಗೆ ಹೊತ್ತುಗೊತ್ತಿಲ್ಲ. ಮಧ್ಯಾಹ್ನದ ಪೆಟ್ಟುಗಳು ಗಣಿಯ ಬ್ಲಾಸ್ಟಿಂಗಿನವು. ನೆಲದ ಕಲ್ಲು ಅದುರಿದ್ದನ್ನು ನನ್ನ ಕಲ್ಲು ನಂಬಿತ್ತು.

ಇನ್ನೊಂದು ಬಿಲ್ಲೆಯನ್ನು ನೆಲಕ್ಕೇ ಅಂಟಿಸಿದೆ. ಅದನ್ನು ಯಾರೂ ಹೊಡೆಯುವುದಿಲ್ಲ. ಅದೂ ಆಟದ ಕಲ್ಲೂ ಒಟ್ಟಿಗೆ ಅದುರಿದರೆ ಗಾಡಿಯದೋ ಗಣಿಯದೋ ಅಂತ ಬಿಟ್ಟುಬಿಡು, ಕಲ್ಲು ಮಾತ್ರ ಅದುರಿದರೆ ಲೆಕ್ಕಕ್ಕೆ ತಗೋ. ಪಟ್ಟಿ ಕಟ್ಟಿದ ಕೈಯಿಂದ ಬೆಸುಗೆ ಹಿಡಿಯಲಾಗದೆ ತಂಗಿಯ ಕೈಯಲ್ಲಿ ಹಾಕಿಸಿದೆ.

ಕೈ ವಾಸಿಯಾದ ಮೇಲೆ ಅಲಾಯಿಗೆ ಹಲಗೆ ಬಾರಿಸುವ ಓಣಿಯ ಕಾಕಾರನ್ನು ಕರೆದು ಕೂರಿಸಿದೆ. ತಾಳ ನಿಮಿಷಕ್ಕೆ 100 ಬಡಿತಕ್ಕೆ ಕಟ್ಟಿತ್ತು, ಅಂದರೆ ಪೆಟ್ಟಿನಿಂದ ಪೆಟ್ಟಿಗೆ 600 ಮಿಲಿಸೆಕೆಂಡು. ಜೀವಮಾನವಿಡೀ ಬಾರಿಸಿದ ಅವರನ್ನು ಆಟ ಮೊದಲ ಹಂತದಲ್ಲೇ ಸೋಲಿಸಿತು. “ಯಾಕ ಕಾಕಾ, ಭಾಳ ಜೋರ್ ಹೋಗ್ಲಕತ್ತೀರಿ?” ಅಂದೆ. “ತಮ್ಮಾ, ಹಲಗಿ ನಿಂತಲ್ಲೇ ನಿಲ್ಲಲ್ಲ. ಕುಣಿಯೋರ ಕಾಲ್ ನೋಡಿ ಓಡ್ತದ. ನಿನ್ನ ಹುಡುಗಿ ಕಾಲೇ ಎತ್ತವಲ್ಲಳು” ಅಂದರು.

ಚಿಂಚೋಳಿಯ ಹಂತ ಅಲ್ಲಿಗೆ ನಿಂತಿದೆ. ಬಾರಿಸುವವರ ಹಿಂದಿನ ನಾಲ್ಕು ಪೆಟ್ಟಿನ ಅಂತರ ನೋಡಿ ಆಟವೇ ತನ್ನ ವೇಗ ಏರಿಸಿಕೊಳ್ಳುವ ಹಾಗೆ ತಾಳದ ಭಾಗವನ್ನಷ್ಟೇ ಮತ್ತೆ ಬರೆಯುತ್ತಿದ್ದೇನೆ, ಮಣಿಕಟ್ಟು ನೋಯುವ ದಿನ ತಂಗಿ ಟೈಪು ಮಾಡುತ್ತಾಳೆ.