ಹೊನ್ನಿನ ಬಾಗಿಲ ಊರಿನಲ್ಲಿ ಸೂರಿನ ಚಿಂತೆ

ಪೆಸಿಫಿಕ್ ಸಾಗರದ ದಂಡೆಯಲ್ಲಿ, ಮೂರು ದಿಕ್ಕಿಗೂ ನೀರಿನಿಂದ ಆವೃತವಾಗಿ ನಿಂತಿರುವ ಸ್ಯಾನ್ ಫ್ರಾನ್ಸಿಸ್ಕೊ ನಗರವು ಕಣ್ಣಿಗೆ ಹಬ್ಬವೇ ಸರಿ. ಗುಡ್ಡಗಳನ್ನು ಏರಿಳಿಯುವ ಕೇಬಲ್ ಕಾರುಗಳು, 1937ರಲ್ಲಿ ಸಂಚಾರಕ್ಕೆ ತೆರೆದ ಗೋಲ್ಡನ್ ಗೇಟ್ ಸೇತುವೆ, ಬೇಸಿಗೆಯಲ್ಲಿಯೂ ಶಾಲು ಹೊದೆಯುವಂತೆ ಮಾಡುವ ಮಂಜು ಇವುಗಳ ವರ್ಣನೆಯನ್ನು ಓದುಗ ಬಂಧುಗಳು ಹಲವು ಪ್ರವಾಸ ಲೇಖನಗಳಲ್ಲಿ ಓದಿರುತ್ತಾರೆ. ಆದುದರಿಂದ ಅವನ್ನು ಇಲ್ಲಿ ವಿಸ್ತರಿಸುವುದಿಲ್ಲ. ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಸಂಗತಿ. ಇಷ್ಟೊಂದು ಸಿರಿವಂತವಾದ ಪಟ್ಟಣದಲ್ಲಿ ತಲೆಯ ಮೇಲೊಂದು ಸೂರು ಏಕೆ ಇಷ್ಟು ದುರ್ಲಭವಾಯಿತು? ಅದರಿಂದ ನೆರೆಹೊರೆಯವರ ನಡುವೆ ಎಂತಹ ಸಿಟ್ಟು ಬೆಳೆಯಿತು?

ನಗರಸಭೆಯ ಭವನಕ್ಕೆ ಚಿನ್ನದ ಲೇಪವುಳ್ಳ ಭವ್ಯ ಗುಮ್ಮಟವಿದೆ. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಟೆಂಡರ್‌ಲಾಯಿನ್ ಎಂಬ ಬಡಾವಣೆ. ಇಲ್ಲಿಯ ಹಳೆಯ ಹೋಟೆಲುಗಳಲ್ಲಿ ಒಂದೊಂದು ಕೋಣೆಯೇ ಒಂದೊಂದು ಸಂಸಾರ. ಸ್ನಾನದ ಮನೆ ಹಲವರಿಗೆ ಸೇರಿ ಒಂದೇ. ಆ ಕೋಣೆಯೂ ಇಲ್ಲದವರು ಪಾದಚಾರಿ ಮಾರ್ಗದಲ್ಲಿ ರಟ್ಟು ಹಾಸಿಕೊಂಡು ಮಲಗಿದ್ದರು. 1950ರಲ್ಲಿ ಆರಂಭವಾದ ಸೇಂಟ್ ಆಂತೊನಿ ಸಂಸ್ಥೆಯ ಉಚಿತ ಊಟದ ಮನೆ ಇರುವುದೂ ಇದೇ ಬಡಾವಣೆಯಲ್ಲಿ. 2024ರ ಜನವರಿಯ ಎಣಿಕೆಯಂತೆ ಈ ನಗರದಲ್ಲಿ ಮನೆಯಿಲ್ಲದವರು 8,300ಕ್ಕೂ ಹೆಚ್ಚು. ಇಡೀ ಅಮೆರಿಕದಲ್ಲಿ 7 ಲಕ್ಷ 70 ಸಾವಿರಕ್ಕೂ ಹೆಚ್ಚು. ಅದೇ ವರ್ಷದ ಜೂನ್ ತಿಂಗಳಲ್ಲಿ, ಮಲಗಲು ಬೇರೆ ಜಾಗವಿಲ್ಲದವರಿಗೂ ಬಯಲಲ್ಲಿ ಮಲಗಿದ್ದಕ್ಕಾಗಿ ದಂಡ ವಿಧಿಸಬಹುದೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು.

ಫಿಲ್‌ಮೋರ್ ಬಡಾವಣೆಯ ಕಥೆಯಂತೂ ಎರಡು ಸಲ ಮನೆ ಕಳೆದುಕೊಂಡ ಕಥೆ. 1942ರಲ್ಲಿ, ಯುದ್ಧಕಾಲದ ಸರ್ಕಾರಿ ಆಜ್ಞೆಯಿಂದ ಇಲ್ಲಿಯ ಜಪಾನಿ ಮೂಲದ ಕುಟುಂಬಗಳನ್ನು ಎಬ್ಬಿಸಿ ಶಿಬಿರಗಳಿಗೆ ಸಾಗಿಸಿದರು. ಬರಿದಾದ ಮನೆಗಳಿಗೆ ಹಡಗು ಕಟ್ಟೆಗಳಲ್ಲಿ ದುಡಿಯಲು ಬಂದ ಕರಿಯರ ಕುಟುಂಬಗಳು ಸೇರಿದವು. ಸಂಗೀತಕ್ಕೆ ಹೆಸರಾದ ಕೇರಿಯೊಂದು ಬೆಳೆಯಿತು. ಮುಂದೆ 1950 ಮತ್ತು 60ರ ದಶಕಗಳಲ್ಲಿ ‘ಪುನರಭಿವೃದ್ಧಿ’ ಎಂಬ ಹೆಸರಿನಲ್ಲಿ ಆ ಮನೆಗಳನ್ನೂ ಕೆಡವಲಾಯಿತು. ಸಾವಿರಾರು ಕುಟುಂಬಗಳು ಚದುರಿಹೋದವು. ಮರಳಿ ಬರಲು ಅವರಿಗೆ ಆದ್ಯತೆಯ ಪತ್ರಗಳನ್ನು ಕೊಟ್ಟದ್ದುಂಟು. ಆದರೆ ಬಹಳಷ್ಟು ನಿವೇಶನಗಳು ವರ್ಷಗಟ್ಟಲೆ ಬಯಲಾಗಿಯೇ ಉಳಿದವು.

ಕರ್ನಿ ಬೀದಿಯಲ್ಲಿ ಇಂಟರ್‌ನ್ಯಾಷನಲ್ ಹೋಟೆಲ್ ಎಂಬ ಕಟ್ಟಡವಿತ್ತು. ಜೀವಮಾನವೆಲ್ಲ ಹೊಲಗಳಲ್ಲಿ, ಹಡಗುಗಳಲ್ಲಿ ದುಡಿದ ಫಿಲಿಪೀನೊ ಮತ್ತು ಚೀನಿ ವೃದ್ಧರಿಗೆ ಅದೇ ಮನೆಯಾಗಿತ್ತು. 1977ರ ಆಗಸ್ಟ್ 4ರ ನಸುಕಿನಲ್ಲಿ, ಕೈಕೈ ಹಿಡಿದು ಅಡ್ಡನಿಂತ ಸಾವಿರಾರು ಜನರನ್ನು ಸರಿಸಿ, ಪೊಲೀಸರು ಆ ವೃದ್ಧರನ್ನು ಹೊರಹಾಕಿದರು. ಅದೇ ಸ್ಥಳದಲ್ಲಿ ವೃದ್ಧರಿಗಾಗಿ ಕಡಿಮೆ ಬಾಡಿಗೆಯ ನೂರಕ್ಕೂ ಹೆಚ್ಚು ಮನೆಗಳು ಎದ್ದು ನಿಂತದ್ದು 2005ರಲ್ಲಿ. ಇಪ್ಪತ್ತೆಂಟು ವರ್ಷಗಳ ಅಂತರ!

ಇಷ್ಟಾದರೂ ಮನೆಗಳ ಕೊರತೆಗೆ ಕಾರಣವನ್ನು ಕೆಡಹುವವರಲ್ಲಿ ಮಾತ್ರ ಹುಡುಕಿದರೆ ಸಾಲದು. ನಾವು ಎನ್-ಜೂಡಾ ಎಂಬ ಟ್ರಾಮಿನಲ್ಲಿ ಕುಳಿತು ಪಶ್ಚಿಮದ ಸನ್‌ಸೆಟ್ ಬಡಾವಣೆಗೆ ಹೋದೆವು. ಸಮುದ್ರದವರೆಗೂ ಒಂದೇ ಎತ್ತರದ ಮನೆಗಳ ಸಾಲು. ಹಲವು ಕಿಟಕಿಗಳಲ್ಲಿ ‘ಎಲ್ಲರಿಗೂ ಸ್ವಾಗತ’ ಎಂಬರ್ಥದ ಫಲಕಗಳಿದ್ದವು. ಆದರೆ ಇಂತಹ ಬೀದಿಗಳಲ್ಲಿ ನಾಲ್ಕು ಅಂತಸ್ತಿನ ವಸತಿ ಕಟ್ಟಡ ಏಳದಂತೆ ನಗರದ ನಿಯಮಗಳು ದಶಕಗಳ ಕಾಲ ತಡೆದಿದ್ದವು. ಪರಿಸರ ರಕ್ಷಣೆಗಾಗಿ 1970ರಲ್ಲಿ ಮಾಡಿದ ರಾಜ್ಯದ ಕಾಯಿದೆಯು ಹೊಸ ಮನೆಗಳ ವಿರುದ್ಧ ದಾವೆ ಹೂಡುವವರಿಗೂ ಆಯುಧವಾಯಿತು.

1978ರಲ್ಲಿ ಕ್ಯಾಲಿಫೋರ್ನಿಯದ ಮತದಾರರು ‘13ನೆಯ ಪ್ರಸ್ತಾವ’ವನ್ನು ಅಂಗೀಕರಿಸಿದರು. ಅದರಂತೆ ಆಸ್ತಿ ತೆರಿಗೆಯ ಮೂಲ ದರ ಶೇಕಡ 1. ಮನೆ ಮಾರಾಟವಾಗುವವರೆಗೆ ಅದರ ತೆರಿಗೆಯ ಮೌಲ್ಯವು ವರ್ಷಕ್ಕೆ ಶೇಕಡ 2ಕ್ಕಿಂತ ಹೆಚ್ಚು ಏರುವಂತಿಲ್ಲ. ಒಂದು ಲೆಕ್ಕ ಹಾಕಿ ನೋಡೋಣ. 1975ರಲ್ಲಿ 55 ಸಾವಿರ ಡಾಲರ್ ಬೆಲೆಯಿದ್ದ ಮನೆಯ ಮೌಲ್ಯ ಐವತ್ತು ವರ್ಷಗಳ ನಂತರ ತೆರಿಗೆಯ ಕಡತದಲ್ಲಿ ಸುಮಾರು ಒಂದೂವರೆ ಲಕ್ಷ. ತೆರಿಗೆ 1,500 ಡಾಲರ್. ಪಕ್ಕದ ಅಂತಹುದೇ ಮನೆಯನ್ನು ಇಂದು 15 ಲಕ್ಷ ಕೊಟ್ಟು ಕೊಂಡವನ ತೆರಿಗೆ 15,000 ಡಾಲರ್. ಗೋಡೆ ಒಂದೇ, ತೆರಿಗೆ ಹತ್ತು ಪಟ್ಟು! ಅಲ್ಲಿಯ ವೃದ್ಧೆಯೊಬ್ಬರು ನಮ್ಮೊಡನೆ ಮಾತನಾಡುತ್ತ, ಆ ಕಾನೂನು ಇರದಿದ್ದರೆ ತಮ್ಮ ಪಿಂಚಣಿಯಲ್ಲಿ ತೆರಿಗೆ ಕಟ್ಟಲಾರದೆ ಗಂಡ ಕಟ್ಟಿಸಿದ ಮನೆಯನ್ನು ಎಂದೋ ಮಾರಬೇಕಾಗಿತ್ತೆಂದರು. ಅವರ ಮಾತನ್ನು ಅಲ್ಲಗಳೆಯುವುದು ಹೇಗೆ?

ಇತ್ತ ನಮ್ಮ ನಾಡಿನ ಮಕ್ಕಳೂ ಈ ಕಥೆಯಲ್ಲಿ ಪಾತ್ರಧಾರಿಗಳೇ. ದಕ್ಷಿಣದ ಸನ್ನಿವೇಲ್, ಫ್ರೀಮಾಂಟ್ ಮುಂತಾದ ಊರುಗಳಲ್ಲಿ ಕನ್ನಡಿಗ ಇಂಜಿನಿಯರುಗಳ ಸಂಸಾರಗಳು ಅನೇಕ. ಉದ್ಯೋಗಗಳು ಹೆಚ್ಚಿದಷ್ಟು ಮನೆಗಳು ಹೆಚ್ಚಲಿಲ್ಲ, ಬಾಡಿಗೆ ಏರಿತು. 2013ರ ಡಿಸೆಂಬರಿನಲ್ಲಿ ಮಿಷನ್ ಬಡಾವಣೆಯ ಜನರು ಇಂಜಿನಿಯರುಗಳನ್ನು ಕರೆದೊಯ್ಯುವ ಕಂಪೆನಿ ಬಸ್ಸನ್ನು ಬೀದಿಯಲ್ಲಿಯೇ ತಡೆದರು. ನಾವು ಇಳಿದುಕೊಂಡಿದ್ದ ಮನೆಯ ಮಗಳು ಒಂದು ಸಂಜೆ ಹೇಳಿದಳು: “ಕಾಕಾ, ನಾವು ಬಂದದ್ದರಿಂದಲೇ ಬಾಡಿಗೆ ಏರಿತೆಂದು ಇಲ್ಲಿಯವರು ಅನ್ನುತ್ತಾರೆ. ನಾವು ಕೊಡುವ ಬಾಡಿಗೆ ಯಾರ ಕೈ ಸೇರುತ್ತದೆಂದು ಮಾತ್ರ ಯಾರೂ ಕೇಳುವುದಿಲ್ಲ.” ಗಂಡ ಹೆಂಡತಿ ಇಬ್ಬರೂ ದುಡಿದರೂ ಆ ಮನೆಯಲ್ಲಿ ಸ್ವಂತ ಸೂರಿನ ಮಾತು ಬಂದಾಗ ಮೌನ ಕವಿಯುತ್ತಿತ್ತು.

ಅಮೆರಿಕದ ಒಡಕನ್ನು ಎರಡು ಪಕ್ಷಗಳ ಜಗಳವೆಂದೇ ನಾವು ತಿಳಿಯುವುದು ವಾಡಿಕೆ. ಆದರೆ 2020ರಲ್ಲಿ ಈ ನಗರದಲ್ಲಿ ಮತ ಚಲಾಯಿಸಿದವರ ಪೈಕಿ ನೂರಕ್ಕೆ 85 ಮಂದಿ ಒಬ್ಬನೇ ಅಭ್ಯರ್ಥಿಗೆ, ಬೈಡನ್ ಅವರಿಗೆ, ಮತ ನೀಡಿದ್ದರು. ಹಾಗಿದ್ದರೂ 2022ರಲ್ಲಿ ಮೂವರು ಶಾಲಾ ಮಂಡಳಿ ಸದಸ್ಯರನ್ನೂ ಜಿಲ್ಲಾ ಅಟಾರ್ನಿಯನ್ನೂ ಮತದಾರರೇ ಹಿಂದಕ್ಕೆ ಕರೆಸಿದರು. 2024ರಲ್ಲಿ ಮೇಯರ್ ಸೋತರು. ಇಲ್ಲಿ ಪಕ್ಷ ಒಂದೇ. ಒಡಕಿರುವುದು ಮನೆಯುಳ್ಳವರ ಮತ್ತು ಇಲ್ಲದವರ ನಡುವೆ, ಮೊದಲು ಬಂದವರ ಮತ್ತು ಆಮೇಲೆ ಬಂದವರ ನಡುವೆ. ಬಾಡಿಗೆ ತಾಳಲಾರದವರು ಟೆಕ್ಸಾಸ್, ನೆವಾಡ ಎಂದು ಹೊರಟರೆ, ಅಲ್ಲಿಯವರು ತಮ್ಮೂರಿನ ಬೆಲೆ ಏರಿತೆಂದು ಇವರನ್ನೇ ದೂರುತ್ತಾರೆ. 2020ರ ಜನಗಣತಿಯ ಬಳಿಕ ಕ್ಯಾಲಿಫೋರ್ನಿಯ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಪ್ರತಿನಿಧಿ ಸಭೆಯ ಒಂದು ಸ್ಥಾನ ಕಳೆದುಕೊಂಡಿತು. ಟೆಕ್ಸಾಸಿಗೆ ಎರಡು ಸ್ಥಾನ ಹೆಚ್ಚಿದವು.

ಪರಿಹಾರದ ಪ್ರಯತ್ನಗಳು ನಡೆಯದೆ ಇಲ್ಲ. ಒಂಟಿ ಮನೆಯ ನಿವೇಶನದಲ್ಲಿ ಎರಡು ಮನೆ ಕಟ್ಟಲು 2021ರಲ್ಲಿ ರಾಜ್ಯವು ಕಾನೂನು ಮಾಡಿತು. 2025ರ ಜೂನ್‌ನಲ್ಲಿ, ಊರೊಳಗಿನ ಬಹಳಷ್ಟು ವಸತಿ ಕಟ್ಟಡಗಳನ್ನು ಆ ಪರಿಸರ ಕಾಯಿದೆಯ ಪರಿಶೀಲನೆಯಿಂದ ಹೊರಗಿಟ್ಟಿತು. ಫಲ ಕಾಣಲು ವರ್ಷಗಳೇ ಬೇಕು.

ನಾವು ಕಂಡ ಆ ವೃದ್ಧೆ ಕೆಟ್ಟವರಲ್ಲ. ನಮ್ಮ ಇಂಜಿನಿಯರ್ ಮಗಳೂ ಕೆಟ್ಟವಳಲ್ಲ. ಬಸ್ಸು ತಡೆದವರ ಸಂಕಟವೂ ಸುಳ್ಳಲ್ಲ. ಒಬ್ಬರಿಗೆ ನೆರಳಾದ ಕಾನೂನು ಇನ್ನೊಬ್ಬರಿಗೆ ಬಿಸಿಲಾದಾಗ, ಜನರು ಕಾನೂನನ್ನು ಬಿಟ್ಟು ಎದುರಿಗೆ ಕಂಡ ಮುಖವನ್ನು ದ್ವೇಷಿಸತೊಡಗುತ್ತಾರೆ. ಮಕ್ಕಳನ್ನು ಆ ದೇಶಕ್ಕೆ ಕಳುಹಿಸಿರುವ ತಾಯಿತಂದೆಗಳು ಅವರ ಸಂಬಳವನ್ನು ಮಾತ್ರ ವಿಚಾರಿಸದೆ, ಅವರು ಯಾವ ಬೀದಿಯಲ್ಲಿದ್ದಾರೆ, ನೆರೆಯವರು ಯಾರು, ಆ ನೆರೆಯವರ ಕಷ್ಟವೇನು ಎಂಬುದನ್ನೂ ಕೇಳಲಿ. ನಾಳೆ ಅವರೂ ಅಲ್ಲಿ ಮನೆಯೊಡೆಯರಾಗಬಹುದು. ಅಂದು ತಮ್ಮ ಬೀದಿಯಲ್ಲಿ ಇನ್ನೊಬ್ಬರಿಗೆ ಮನೆ ಏಳುವಾಗ ಅದಕ್ಕೆ ಅಡ್ಡ ನಿಲ್ಲದಂತಹ ಮನಸ್ಸು ಅವರಲ್ಲಿ ಬೆಳೆದಿರಲಿ.