ಪಡಸಾಲೆಗೆ ಬಂದ ಚಿತ್ರ

ಹಬ್ಬದ ಹೋಳಿಗೆಯನ್ನು ಒಬ್ಬರೇ ಕುಳಿತು ಉಂಡರೆ ರುಚಿಸದು. ನೋಟದ ಸವಿಯೂ ಹಾಗೆಯೇ. 1975ರ ಆಗಸ್ಟ್ 1ರಿಂದ ಒಂದು ವರ್ಷದ ಕಾಲ ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ನೆರವಿನಿಂದ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಕಾರ್ಯಕ್ರಮಗಳು ತಲುಪಿದವು. ಜಮಖಂಡಿ ತಾಲೂಕಿನ ಹುನ್ನೂರು ಸೇರಿದ್ದ ಅಂದಿನ ಬಿಜಾಪುರ ಜಿಲ್ಲೆಯೂ ಆ ಪ್ರಯೋಗದ ಕ್ಷೇತ್ರಗಳಲ್ಲಿ ಒಂದಾಗಿತ್ತು. ಆಯ್ದ ಹಳ್ಳಿಗಳಲ್ಲಿ ಒಂದೇ ಪೆಟ್ಟಿಗೆಯ ಮುಂದೆ ಜನರೆಲ್ಲ ಕೂಡುತ್ತಿದ್ದರು.

ಇಂದು ಚಿತ್ರ ನೋಡಲು ಊರು ಕೂಡಬೇಕಾಗಿಲ್ಲ. ಮೊಮ್ಮಗನು ಕೋಣೆಯ ಕದವಿಕ್ಕಿಕೊಂಡು ಗಣಕಯಂತ್ರದಲ್ಲಿ ನೋಡುತ್ತಾನೆ. ಅಜ್ಜಿಯು ಪಡಸಾಲೆಯಲ್ಲಿ ಒಂಟಿಯಾಗಿ ಕುಳಿತಿರುತ್ತಾಳೆ. ಈ ಗೋಡೆಯನ್ನು ದಾಟಿಸುವ ಸಾಧನವು ಆಟದ ರೂಪದಲ್ಲಿಯೇ ಬಂದುದು ವಿಶೇಷ. 2005ರ ಎಕ್ಸ್‌ಬಾಕ್ಸ್ 360, 2006ರ ಪ್ಲೇಸ್ಟೇಷನ್ 3 ಮೊದಲಾದ ಆಟದ ಯಂತ್ರಗಳು, ಗಣಕದಲ್ಲಿರುವ ಚಿತ್ರವನ್ನು ಮನೆಯೊಳಗಿನ ಜಾಲದ ಮೂಲಕ ಬೇಡಿ ಪಡೆಯುವಂತಾದವು. ಗಣಕವು ಚಿತ್ರವನ್ನು ಸಣ್ಣ ಸಣ್ಣ ತುಣುಕುಗಳಾಗಿ ಕಳುಹಿಸುತ್ತದೆ. ಆಟದ ಯಂತ್ರವು ಅವನ್ನು ಕ್ರಮವಾಗಿ ಜೋಡಿಸಿ, ಸಂಕೇತವನ್ನು ಬಿಡಿಸಿ, ತಂತಿಯ ಮೂಲಕ ಟಿ.ವಿ.ಗೆ ಒಪ್ಪಿಸುತ್ತದೆ. ಕೆಲವು ತುಣುಕುಗಳನ್ನು ಮುಂಚಿತವಾಗಿಯೇ ಕೂಡಿಟ್ಟುಕೊಳ್ಳುವುದರಿಂದ, ನಡುವೆ ಸ್ವಲ್ಪ ಹೊತ್ತು ವೇಗ ತಗ್ಗಿದರೂ ಚಿತ್ರ ನಿಲ್ಲುವುದಿಲ್ಲ. ಹಗೇವಿನಲ್ಲಿ ಜೋಳವಿದ್ದ ಮನೆಯು ಒಂದು ಹಂಗಾಮು ಮಳೆ ತಪ್ಪಿದರೂ ಹಸಿಯುವುದಿಲ್ಲವಷ್ಟೆ!

ಯಂತ್ರವು ಚಿತ್ರವನ್ನು ಪಡಸಾಲೆಯವರೆಗೆ ತರಬಲ್ಲದು. ಆದರೆ ಕದ ತೆರೆದು ಹೊರಬಂದು, ಅಜ್ಜಿಯ ಮಗ್ಗುಲಲ್ಲಿ ಕುಳಿತು, ಆಕೆ ಕೇಳಿದ್ದಕ್ಕೆ ಬೇಸರಿಸದೆ ಉತ್ತರ ಹೇಳುವ ಕೆಲಸವನ್ನು ಯಾವ ಯಂತ್ರವೂ ಮಾಡಲಾರದು. ಅದನ್ನು ಮೊಮ್ಮಗನೇ ಮಾಡಬೇಕು.